ಬೀರುವಿನ ಮೇಲೆ ಇಳಿದ ನೌಕೆ

ದಟ್ಟಗಳ್ಳಿಯ ನಮ್ಮ ಮನೆಗೆ ಹೊಸದಾಗಿ ಬಂದವರು ಹಾಲ್‌ನಲ್ಲಿರುವ ಗಾಜಿನ ಕಪಾಟನ್ನು ನೋಡಿ ಮೊದಲು ಕೇಳುವ ಪ್ರಶ್ನೆ, "ಮಕ್ಕಳದ್ದಾ?" ಎಂದು. ನನ್ನದು ಎನ್ನುತ್ತೇನೆ. ಅವರು ನಗುತ್ತಾರೆ. ನಾನು ನಗುವುದಿಲ್ಲ. ಆಗ ಅವರು ಕಾಫಿ ಲೋಟದ ಕಡೆ ಕಣ್ಣು ತಿರುಗಿಸುತ್ತಾರೆ. ಆ ಕಪಾಟಿನ ತುಂಬ ಪ್ಲಾಸ್ಟಿಕ್ ಬ್ಲಾಕುಗಳಿಂದ ಕಟ್ಟಿದ ಆಕಾಶನೌಕೆಗಳಿವೆ. ಡಬ್ಬದ ಮೇಲಿನ ಚಿತ್ರ ನೋಡಿಕೊಂಡು ಕಟ್ಟಿದ್ದು ಒಂದೂ ಇಲ್ಲ. ಯಾವ ಗ್ರಹಕ್ಕೆ ಹೋಗಬೇಕು, ಎಷ್ಟು ಜನ ಹತ್ತುತ್ತಾರೆ, ಅವರು ಎಲ್ಲಿ ಮಲಗುತ್ತಾರೆ ಎಂದೆಲ್ಲ ಯೋಚಿಸಿ ನಾನೇ ಕಟ್ಟಿದವು. ಐವತ್ತು ದಾಟಿದ ಬ್ಯಾಂಕ್ ಉದ್ಯೋಗಿ, ಭಾನುವಾರ ಬೆಳಿಗ್ಗೆ ತಿಂಡಿ ತಿಂದ ತಟ್ಟೆಯನ್ನೂ ತೊಳೆಯದೆ ನೌಕೆಗೆ ರೆಕ್ಕೆ ಜೋಡಿಸುತ್ತ ಕೂರುವುದು ನೆಂಟರಿಷ್ಟರಿಗೆ ವಿಚಿತ್ರವಾಗಿ ಕಾಣುತ್ತದೆ. ಕಂಡರೆ ಕಾಣಲಿ. ನನ್ನ ಈ ಹಟ ಬಲಿತದ್ದು ಚಿಕ್ಕವಳಿದ್ದಾಗ ಜಯಲಕ್ಷ್ಮಿಪುರಂನ ಮನೆಯ ಕೆಂಪು ನೆಲದ ಮೇಲೆ, ನಮ್ಮ ಅಜ್ಜಿಯ ಎದುರಿಗೆ. ಹಟ ಹಿಡಿಯುವುದನ್ನು ಕಲಿಯಬೇಕಾದರೆ ತನಗಿಂತ ದೊಡ್ಡ ಹಟಮಾರಿಯ ಕೈಕೆಳಗೇ ಬೆಳೆಯಬೇಕು.

ಆ ಮನೆಯಲ್ಲಿ ಎಲ್ಲ ನಡೆಯುತ್ತಿದ್ದದ್ದು ನಡುಮನೆಯ ನೆಲದ ಮೇಲೆ. ಬೆಳಿಗ್ಗೆ ಅಪ್ಪ ಅಲ್ಲಿ ಚಕ್ಕಂಬಕ್ಕಳ ಹಾಕಿಕೊಂಡು ಪೇಪರು ಓದುತ್ತಿದ್ದರು. ಮಧ್ಯಾಹ್ನ ಅಜ್ಜಿ ಕಾಲು ನೀಡಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಸಂಜೆ ಅಮ್ಮ ಸ್ಕೂಲಿನಿಂದ ತಂದ ಪರೀಕ್ಷೆಯ ಪೇಪರುಗಳನ್ನು ಹರಡಿಕೊಳ್ಳುತ್ತಿದ್ದಳು. ರಾತ್ರಿ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತು ಊಟ, ಊಟದ ಜಾಗ ಒರೆಸಿ ಒಣಗಿದ ಮೇಲೆ ಅಲ್ಲೇ ಹಾಸಿಗೆ. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಹೆಬ್ಬಾಳದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದ. ನಮ್ಮನೆ ನೆಲಕ್ಕೂ ಮೂರು ಪಾಳಿ ಎಂದು ಅವನು ತಮಾಷೆ ಮಾಡುತ್ತಿದ್ದ. ಆ ಪಾಳಿಗಳ ಮೇಸ್ತ್ರಿ ಅಜ್ಜಿ. ಯಾರು, ಯಾವಾಗ, ಎಷ್ಟು ಜಾಗ ಹಿಡಿಯಬಹುದು ಎಂಬುದನ್ನು ಅವಳೇ ನಿರ್ಧರಿಸುತ್ತಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾತ್ರ ಆ ನೆಲ ಯಾರದ್ದೂ ಅಲ್ಲ. ಗುಡಿಸಿ, ಒರೆಸಿ, ಬಾಗಿಲು ತೆರೆದಿಡಬೇಕು, ಲಕ್ಷ್ಮಿ ಒಳಗೆ ಬರುವ ಸಮಯ. ಅಮ್ಮನ ಪರೀಕ್ಷೆಯ ಪೇಪರುಗಳೂ ಆಗ ಮೂಲೆ ಸೇರುತ್ತಿದ್ದವು.

ಬ್ಲಾಕುಗಳನ್ನು ತಂದುಕೊಟ್ಟವನು ಚಿಕ್ಕಪ್ಪನೇ. ಕೆಂಪು, ಬಿಳಿ, ಹಳದಿ, ನೀಲಿ ಬಣ್ಣದ ಚಿಕ್ಕ ಚಿಕ್ಕ ಇಟ್ಟಿಗೆಗಳು. ಒಂದರ ಮೇಲೆ ಗುಬುಟು, ಇನ್ನೊಂದರ ಕೆಳಗೆ ತೂತು, ಒತ್ತಿದರೆ ಕೂತುಕೊಳ್ಳುತ್ತಿದ್ದವು. ಡಬ್ಬದ ಮೇಲೆ ಮನೆ, ಮರ, ಬಾತುಕೋಳಿಯ ಚಿತ್ರಗಳಿದ್ದವು. ನನಗೆ ಬಾತುಕೋಳಿ ಬೇಕಿರಲಿಲ್ಲ. ನಮ್ಮ ಮನೆಗೆ ಬರುತ್ತಿದ್ದ ಮಕ್ಕಳ ಮಾಸಪತ್ರಿಕೆಯಲ್ಲಿ ಆಗ ಆಕಾಶಯಾನದ ಧಾರಾವಾಹಿಯೊಂದು ಬರುತ್ತಿತ್ತು. ಅದರ ಚಿತ್ರಗಳಲ್ಲಿದ್ದ ನೌಕೆಗಳೆಲ್ಲ ಮೂತಿ ಚೂಪಾದ ಪೆನ್ಸಿಲ್ಲುಗಳು. ಒಳಗೆ ಜನ ಹೇಗಿರುತ್ತಾರೆ ಎಂದು ಬರೆದವರಿಗೆ ಯೋಚನೆಯೇ ಇರಲಿಲ್ಲ. ನಾನಾದರೋ ಎರಡು ಸೂರ್ಯರಿರುವ ಗ್ರಹವೊಂದನ್ನು ಕಲ್ಪಿಸಿಕೊಂಡು, ಅಲ್ಲಿಗೆ ಹೋಗುವ ದಾರಿಯಲ್ಲಿ ಯಾರಿಗೂ ಬೇಸರವಾಗದಂಥ ನೌಕೆ ಕಟ್ಟಬೇಕೆಂದು ಹೊರಟೆ. ನೀಲಿ ಬ್ಲಾಕುಗಳು ಹೆಚ್ಚಾಗಿದ್ದುದರಿಂದ ರೆಕ್ಕೆ ನೀಲಿ, ಕೊಕ್ಕು ಕೆಂಪು. ಅದಕ್ಕೆ ಮಿಂಚುಳ್ಳಿ ಎಂದು ಹೆಸರಿಟ್ಟೆ. ಪ್ರತಿ ಮಧ್ಯಾಹ್ನ ಸ್ಕೂಲಿನಿಂದ ಬಂದು ಮಿಂಚುಳ್ಳಿಯನ್ನು ಕಟ್ಟುವುದು, ಪ್ರತಿ ಸಂಜೆ ಅಜ್ಜಿ ಪೊರಕೆ ಹಿಡಿದು ಬಂದು ನಿಲ್ಲುವುದು.

"ದೀಪ ಹಚ್ಚೋ ಹೊತ್ತಾಯ್ತು. ಬಿಚ್ಚು, ಡಬ್ಬಕ್ಕೆ ತುಂಬು."

"ಇವತ್ತೊಂದಿನ ಇರ್ಲಿ ಅಜ್ಜಿ. ಇನ್ನೂ ಬಾಲ ಕೂರಿಸಿಲ್ಲ."

"ನಾಳೆ ಕೂರಿಸ್ಕೋ. ಲಕ್ಷ್ಮಿ ಬರೋ ಹೊತ್ನಲ್ಲಿ ನೆಲದ ತುಂಬ ಚೂರುಪಾರು ಹರಡಿದ್ರೆ ಅವಳು ಕಾಲೆಲ್ಲಿ ಇಡ್ಬೇಕು?"

ಬಿಚ್ಚುವಾಗ ನನಗೆ ಅಳು ಬರುತ್ತಿತ್ತು. ಅತ್ತರೆ ಅಜ್ಜಿ ಗೆದ್ದಂತಾಗುತ್ತದೆ ಎಂದು ತುಟಿ ಕಚ್ಚಿಕೊಂಡು ಬಿಚ್ಚುತ್ತಿದ್ದೆ. ದಿನಾ ಮೊದಲಿಂದ ಶುರು ಮಾಡುವುದರಿಂದ ನೌಕೆ ಎಂದೂ ಮುಗಿಯುತ್ತಿರಲಿಲ್ಲ. ಇವತ್ತು ರೆಕ್ಕೆಯಾದರೆ ಬಾಲವಿಲ್ಲ, ನಾಳೆ ಬಾಲಕ್ಕೆ ಗಮನ ಕೊಟ್ಟರೆ ಮೂತಿ ಮೊಂಡು. ಒಂದು ಮಿಂಚುಳ್ಳಿ ಪೂರ್ತಿಯಾಗಿ, ರಾತ್ರಿ ಕಳೆದು, ಮರುದಿನವೂ ಇರಬೇಕು. ಆ ವಯಸ್ಸಿನಲ್ಲಿ ನನಗೆ ಬೇಕಿದ್ದದ್ದು ಅಷ್ಟೇ, ಅದರಷ್ಟು ಬೇರೇನನ್ನೂ ನಾನು ಬೇಡಿಲ್ಲ.

ಮನೆಯವರ ಪಕ್ಷವನ್ನೂ ಹೇಳಬೇಕು. ಬ್ಲಾಕುಗಳು ಬಂದ ಮೇಲೆ ಆ ಮನೆಯಲ್ಲಿ ಬರಿಗಾಲಿನಲ್ಲಿ ನಡೆಯುವುದು ಕಷ್ಟವಾಯಿತು. ಅಪ್ಪ ಒಂದು ದಿನ ಕಾಫಿ ಲೋಟ ಹಿಡಿದು ಬರುತ್ತಿದ್ದವರು ಹಳದಿ ಬ್ಲಾಕಿನ ಮೇಲೆ ಹಿಮ್ಮಡಿ ಊರಿ, ಕಾಫಿಯನ್ನೆಲ್ಲ ಪಂಚೆಯ ಮೇಲೆ ಚೆಲ್ಲಿಕೊಂಡು, ತಮ್ಮನನ್ನು ನಿದ್ದೆಯಿಂದ ಎಬ್ಬಿಸಿ ಬೈದರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಚಿಕ್ಕಪ್ಪ ನನ್ನನ್ನು ಬೈದ. ಇನ್ನೊಮ್ಮೆ ಅಜ್ಜಿಯ ಮೊರದಲ್ಲಿ ಅಕ್ಕಿಯ ನಡುವೆ ಬಿಳಿ ಬ್ಲಾಕು ಸಿಕ್ಕಿತು. ಅಕ್ಕಿಯಲ್ಲಿ ಕಲ್ಲು, ನೆಲ್ಲು, ಹುಳ ಎಲ್ಲವನ್ನೂ ಕಂಡಿದ್ದ ಅಜ್ಜಿ ಅದನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿ ಬಹಳ ಹೊತ್ತು ನೋಡಿದಳು. ಆಮೇಲೆ ಅಮ್ಮನನ್ನು ಕರೆದು, ಈ ಹುಡುಗಿ ನಾಳೆ ಸಾರಿಗೂ ಇದನ್ನೇ ಹಾಕುತ್ತಾಳೆ ಎಂದಳು. ಅಮ್ಮ ಅತ್ತೆಯ ಎದುರು ನನ್ನ ಪರ ಮಾತಾಡುವವಳಲ್ಲ. ಆದರೆ ಆ ದಿನ ಏನೆನ್ನಿಸಿತೋ, ಕೈಯಲ್ಲಿದ್ದ ಸೌಟು ಕೆಳಗಿಡದೆ ಬಾಗಿಲಲ್ಲೇ ನಿಂತು ಹೇಳಿದಳು.

"ಅತ್ತೆ, ದಿನಾ ಬಿಚ್ಚೋದ್ರಿಂದಾನೇ ಚೂರು ಎಲ್ಲೆಲ್ಲೋ ಹೋಗೋದು. ಕಟ್ಟಿದ್ದನ್ನ ಹಂಗೇ ಎತ್ತಿಟ್ಟುಬುಟ್ರೆ ನೆಲಾನೂ ಖಾಲಿ ಇರತ್ತೆ."

"ಎತ್ತಿದ್ರೆ ನಿಲ್ಲತ್ತೇನೇ ಅದು? ಮುಟ್ಟಿದ್ರೆ ಉದುರತ್ತೆ."

"ನಿಲ್ಲೋ ಹಂಗೆ ಕಟ್ತೀನಿ" ಎಂದೆ ನಾನು.

ಅಜ್ಜಿ ಮೊರ ಕೆಳಗಿಟ್ಟಳು. ಅವಳಿಗೆ ಪಂಥ ಎಂದರೆ ಇಷ್ಟ. ನಡುಮನೆಯ ಮೂಲೆಯಿಂದ ಹೊಸಿಲು ದಾಟಿ, ಕೋಣೆಯಲ್ಲಿದ್ದ ಬೀರುವಿನ ಮೇಲೆ ಇಡುವವರೆಗೆ ಒಂದು ಚೂರೂ ಬೀಳಬಾರದು, ಅದೂ ಒಂದೇ ಕೈಯಲ್ಲಿ ಎತ್ತಬೇಕು ಎಂದಳು. ಒಂದೇ ಕೈ ಯಾಕೆ ಎಂದರೆ, ಇನ್ನೊಂದು ಕೈಯಲ್ಲಿ ಪೊರಕೆ ಇರುತ್ತದೆ, ಗುಡಿಸುವಾಗ ನಾನಿಲ್ಲದಿದ್ದರೆ ಎತ್ತಿಡಬೇಕಾದವಳು ತಾನೇ ಎಂದಳು. ಹಾಗೆ ನಿಂತರೆ ಬೀರುವಿನ ಮೇಲೆ ಎಷ್ಟು ದಿನ ಬೇಕಾದರೂ ಇರಲಿ, ಬಿದ್ದರೆ ಡಬ್ಬಕ್ಕೆ. ಬೀರುವಿನ ಹತ್ತಿರ ನನಗಾಗಿ ಒಂದು ಸ್ಟೂಲನ್ನೂ ತರಿಸಿಟ್ಟಳು.

ಮೊದಲ ದಿನ ಮಿಂಚುಳ್ಳಿ ಹೊಸಿಲ ತನಕವೂ ಹೋಗಲಿಲ್ಲ. ಎತ್ತುತ್ತಿದ್ದಂತೆ ಸೊಂಟ ಮುರಿದು ಎರಡಾಯಿತು. ಮರುದಿನವೂ ಅಲ್ಲೇ ಮುರಿಯಿತು. ಇನ್ನಷ್ಟು ಬ್ಲಾಕು ಹೇರಿ ದಪ್ಪ ಮಾಡಿದೆ, ಭಾರ ಹೆಚ್ಚಾಗಿ ಇನ್ನೂ ಬೇಗ ಮುರಿಯಿತು. ಅಂಟು ಹಾಕಿಬಿಡು ಎಂದು ಚಿಕ್ಕಪ್ಪ ಸಲಹೆ ಕೊಟ್ಟ. ಅಂಟು ಹಾಕಿದರೆ ಬ್ಲಾಕುಗಳು ಹಾಳಾಗುತ್ತವೆ, ಅದೂ ಅಲ್ಲದೆ ಅದು ಮೋಸ ಎಂದು ನನಗೆ ಅನ್ನಿಸಿತು. ಅಜ್ಜಿ ಬೀಗಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಬಿದ್ದ ಚೂರುಗಳನ್ನು ಪೊರಕೆಯಿಂದ ನನ್ನ ಕಡೆ ತಳ್ಳಿ ದೀಪ ಹಚ್ಚಲು ಹೋಗುತ್ತಿದ್ದಳು. ಒಂದು ಸಂಜೆ ಸಿಟ್ಟಿನಿಂದ ಹೊರಗೆ ಹೋಗಿ ಕಾಂಪೌಂಡಿನ ಪಕ್ಕ ಕೂತೆ. ಗೋಡೆಯ ಗಾರೆ ಅಲ್ಲೊಂದು ಕಡೆ ಕಳಚಿ ಒಳಗಿನ ಇಟ್ಟಿಗೆ ಕಾಣುತ್ತಿತ್ತು. ದಿನಾ ಕಾಣುತ್ತಿದ್ದದ್ದೇ. ಆ ಸಂಜೆ ಮಾತ್ರ ಒಂದು ವಿಷಯ ಕಣ್ಣಿಗೆ ಬಿತ್ತು. ಕೆಳಗಿನ ಎರಡು ಇಟ್ಟಿಗೆಗಳು ಸೇರುವ ಕಡೆ ಮೇಲಿನ ಇಟ್ಟಿಗೆಯ ನಡುಭಾಗ ಕೂತಿತ್ತು. ಎಲ್ಲಿಯೂ ಸಂದಿನ ಮೇಲೆ ಸಂದು ಬಂದಿರಲಿಲ್ಲ. ನಾನು ಕಟ್ಟುತ್ತಿದ್ದದ್ದು ಬಣ್ಣ ಚೆಂದ ಕಾಣಲೆಂದು ಒಂದರ ನೆತ್ತಿಯ ಮೇಲೆ ಸರಿಯಾಗಿ ಇನ್ನೊಂದು, ಅದರ ಮೇಲೆ ಮತ್ತೊಂದು. ಎದ್ದು ಒಳಗೆ ಓಡಿದೆ. ನೆಲ ಒರೆಸಿ ಆಗಿತ್ತು, ದೀಪ ಹಚ್ಚಿ ಆಗಿತ್ತು. ಮರುದಿನದ ಮಧ್ಯಾಹ್ನ ಬರುವವರೆಗೆ ಕಾಯುವುದು ಎಷ್ಟು ಕಷ್ಟವಾಯಿತೆಂದರೆ ಗಣಿತದ ಕ್ಲಾಸಿನಲ್ಲಿ ಪುಸ್ತಕದ ಅಂಚಿನ ತುಂಬ ಇಟ್ಟಿಗೆಗಳನ್ನೇ ಬರೆಯುತ್ತ ಕೂತೆ.

ಸಂದು ತಪ್ಪಿಸಿ ಕಟ್ಟಿದ ಮೇಲೆ ಸೊಂಟ ಗಟ್ಟಿಯಾಯಿತು. ಆಮೇಲೆ ರೆಕ್ಕೆಗಳ ಕಾಟ. ಎತ್ತಿದರೆ ಎರಡೂ ಜೋತು ಬಿದ್ದು ಬುಡದಲ್ಲಿ ಕಳಚುತ್ತಿದ್ದವು. ಒಂದು ರೆಕ್ಕೆಯ ತುದಿಯಿಂದ ಹೊಟ್ಟೆಯ ಒಳಗೇ ಹಾದು ಇನ್ನೊಂದು ರೆಕ್ಕೆಗೆ ಹೋಗುವ ಉದ್ದ ಬ್ಲಾಕುಗಳು ಬೇಕಿದ್ದವು. ಉದ್ದನೆಯವು ಇದ್ದದ್ದೇ ಕೆಲವು, ಅವುಗಳನ್ನೆಲ್ಲ ಮೂತಿಯ ಫಿರಂಗಿಗೆ ಬಳಸಿಬಿಟ್ಟಿದ್ದೆ. ಆ ಫಿರಂಗಿ ನನ್ನ ಹೆಮ್ಮೆ. ಧಾರಾವಾಹಿಯ ನೌಕೆಗಳಲ್ಲೂ ಅಷ್ಟು ದೊಡ್ಡ ಫಿರಂಗಿ ಇರಲಿಲ್ಲ. ಅಜ್ಜಿ ಅಕ್ಕಿ ಆರಿಸುತ್ತ ಅದನ್ನೇ ನೋಡುತ್ತಿದ್ದಳು.

"ಯಾರನ್ನ ಹೊಡ್ಯಕ್ಕೇ ಅದು?"

"ಶತ್ರುಗಳು ಬಂದ್ರೆ."

"ಬರ್ಲಿ ಬಿಡು. ಅಷ್ಟು ದೂರ ಹೋಗೋರು ಉಣ್ಣೋದೆಲ್ಲಿ? ಒಲೆ ಎಲ್ಲಿ?"

ಅಡುಗೆಮನೆ ಇರಲಿಲ್ಲ. ಆ ಪ್ರಶ್ನೆಗೆ ನನ್ನ ಮುಖ ಕೆಂಪಾಯಿತು. ಫಿರಂಗಿಯನ್ನು ಕಿತ್ತು ಉದ್ದ ಬ್ಲಾಕುಗಳನ್ನು ಹೊಟ್ಟೆಯೊಳಗೆ ತೂರಿಸಿದೆ, ಬಾಲದ ಹತ್ತಿರ ಕೆಂಪು ಬ್ಲಾಕಿನ ಒಲೆ ಇಟ್ಟು ಗೋಡೆ ಕಟ್ಟಿದೆ. ಅದರ ಪಕ್ಕದಲ್ಲಿ ಬಚ್ಚಲು ಮಾಡಿದ್ದಕ್ಕೆ ಅಜ್ಜಿ "ಥೂ, ಬಚ್ಚಲ ಪಕ್ಕ ಒಲೇನಾ?" ಎಂದು ಮೊರದಲ್ಲಿದ್ದ ಅಕ್ಕಿಯನ್ನೇ ಚೆಲ್ಲುವಷ್ಟು ಅಸಹ್ಯಪಟ್ಟುಕೊಂಡಳು. ಬಚ್ಚಲನ್ನು ಮೂತಿಯ ಕಡೆಗೆ ಸಾಗಿಸಿದೆ. ಹಾಗೆ ಸಾಗಿಸಿದ್ದರಿಂದ ಹಿಂದೆ ಜಾಸ್ತಿಯಾಗಿದ್ದ ಭಾರ ಮುಂದಕ್ಕೂ ಹಂಚಿಹೋಗಿ, ನಡುವೆ ಹಿಡಿದು ಎತ್ತಿದರೆ ನೌಕೆ ಯಾವ ಕಡೆಗೂ ವಾಲದಂತಾಯಿತು. ಇವತ್ತಿಗೂ ನಾನು ನೌಕೆಗೆ ಮೊದಲು ಅಡುಗೆಮನೆಯ ಜಾಗ ಗೊತ್ತುಮಾಡಿಕೊಂಡೇ ಮಿಕ್ಕಿದ್ದನ್ನು ಕಟ್ಟುವುದು.

ನವರಾತ್ರಿ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಒಂದು ಸಂಜೆ ನಾನು ಮಿಂಚುಳ್ಳಿಯನ್ನು ಬಲಗೈಯಲ್ಲಿ ಎತ್ತಿ, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆದೆ. ಅಜ್ಜಿ ಪೊರಕೆ ಹಿಡಿದು ಹಿಂದೆಯೇ ಬಂದಳು. ಅಮ್ಮ ಒಲೆ ಸಣ್ಣಗೆ ಮಾಡಿ ಬಂದಳು. ಹೊಸಿಲು ದಾಟಿದೆ. ಸ್ಟೂಲು ಹತ್ತುವಾಗಲೂ ನೌಕೆ ಅಲುಗಲಿಲ್ಲ. ಬೀರುವಿನ ಮೇಲೆ ಇಟ್ಟು ಕೆಳಗಿಳಿದಾಗ ನನಗೆ ಕೂಗಬೇಕೆನಿಸಿತು. ಅಜ್ಜಿ ನೆಲವನ್ನೆಲ್ಲ ಬಗ್ಗಿ ನೋಡಿದಳು. ಒಂದು ಚೂರೂ ಇರಲಿಲ್ಲ. "ಹೂಂ, ಇರ್ಲಿ" ಎಂದು ಗುಡಿಸಲು ಶುರು ಮಾಡಿದಳು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕೋಣೆಗೆ ಓಡಿ ತಲೆಯೆತ್ತಿ ನೋಡಿದೆ. ಮಿಂಚುಳ್ಳಿ ಅಲ್ಲೇ ಇತ್ತು. ಅಂಥ ಸಂತೋಷ ನನಗೆ ಆಮೇಲೆ ಬ್ಯಾಂಕಿನ ಪರೀಕ್ಷೆ ಪಾಸಾದಾಗಲೂ ಆಗಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಮನೆಯಲ್ಲಿದ್ದ ಕಬ್ಬಿಣವೆಲ್ಲ ಹೊರಗೆ ಬಂತು. ಈಳಿಗೆಮಣೆ, ಹೊಲಿಗೆ ಮಿಷನ್ನು, ಚಿಕ್ಕಪ್ಪನ ಸ್ಪ್ಯಾನರುಗಳು ಪೂಜೆಯ ಜಗುಲಿಯ ಮುಂದೆ, ಅಪ್ಪನ ಸ್ಕೂಟರು ಮತ್ತು ನನ್ನ ಸೈಕಲ್ಲು ಗೇಟಿನ ಒಳಗೆ ಸಾಲಾಗಿ. ಚಿಕ್ಕಪ್ಪ ಬಕೆಟ್ಟು ನೀರು ಹಾಕಿ ತೊಳೆದು ಚೆಂಡುಹೂವಿನ ಹಾರ ಕಟ್ಟುತ್ತಿದ್ದ. ಅಜ್ಜಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದವಳು ಸಾಲನ್ನು ಒಮ್ಮೆ ನೋಡಿ ನನ್ನ ಕಡೆ ತಿರುಗಿದಳು.

"ನಿನ್ನ ಗಾಡಿ ಎಲ್ಲೇ? ತೊಗೊಂಡ್ಬಾ. ಮನೇಲಿರೋ ಗಾಡಿಗೆಲ್ಲ ಪೂಜೆ ಆಗ್ಬೇಕು."

ತಂದು ಸೈಕಲ್ಲಿನ ಪಕ್ಕ ಇಟ್ಟೆ. ಅಜ್ಜಿ ಸ್ಕೂಟರಿಗೆ ಇಟ್ಟಷ್ಟೇ ಗಂಭೀರವಾಗಿ ಅದರ ಮೂತಿಗೂ ಅರಿಶಿನ ಕುಂಕುಮ ಇಟ್ಟು, ಒಂದು ಚೆಂಡುಹೂವು ಸಿಕ್ಕಿಸಿದಳು. ಸ್ಕೂಟರು, ಸೈಕಲ್ಲುಗಳ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟಾಯಿತು. ಮಿಂಚುಳ್ಳಿಯ ಮುಂದೆ ಬಂದಾಗ ಅಜ್ಜಿ ನಿಂಬೆಹಣ್ಣು ಹಿಡಿದು ಯೋಚಿಸುತ್ತ ನಿಂತಳು.

"ಇದಕ್ಕೆ ಚಕ್ರಾನೇ ಇಲ್ವಲ್ಲೇ. ಯಾವ ಕಡೆ ಹೊರಡತ್ತೆ ಇದು?"

"ಮೇಲಕ್ಕೆ ಅಜ್ಜಿ. ನೆಟ್ಟಗೆ ಮೇಲಕ್ಕೆ."

ಗಾಡಿ ಯಾವ ಕಡೆ ಹೊರಡುತ್ತದೋ ಆ ಕಡೆ ನಿಂಬೆಹಣ್ಣು ಇಡಬೇಕು. ಅಜ್ಜಿ ಅದನ್ನು ನೌಕೆಯ ಬೆನ್ನ ಮೇಲೆ ಇಟ್ಟಳು. ಚಿಕ್ಕಪ್ಪ ನಗು ತಡೆಯಲಾರದೆ ಬಕೆಟ್ಟಿನ ಮೇಲೆ ಕುಸಿದ. ಅಜ್ಜಿ ಅವನ ಕಡೆ ನೋಡಲೂ ಇಲ್ಲ. "ಹೊರಡ್ಸು" ಎಂದಳು. ನಾನು ಎತ್ತಿದೆ, ನಿಂಬೆಹಣ್ಣು ಉರುಳಿ ಕೆಳಗೆ ಬಿತ್ತು, ಅಜ್ಜಿ ಅದನ್ನು ತನ್ನ ಹಿಮ್ಮಡಿಯಿಂದಲೇ ಒತ್ತಿ ಒಡೆದಳು. ಆ ವರ್ಷದ ಹಬ್ಬದಲ್ಲಿ ನನ್ನಷ್ಟು ಬೀಗಿದವರು ಆ ಬೀದಿಯಲ್ಲೇ ಇರಲಾರರು.

ಬೀಗುವ ಭರದಲ್ಲಿ ಒಂದು ಮಾತು ನನಗೆ ಹೊಳೆದಿರಲಿಲ್ಲ. ಹಬ್ಬ ಮುಗಿದ ಮೇಲೆ ನನ್ನ ತಲೆಯಲ್ಲಿ ಹೊಸ ನೌಕೆಯೊಂದು ಹುಟ್ಟಿತು. ಮಿಂಚುಳ್ಳಿಯಂಥ ಚಿಕ್ಕ ನೌಕೆ ಹೊಟ್ಟೆಯೊಳಗೆ ಬಂದು ತಂಗಬಲ್ಲಂಥ ತಾಯಿನೌಕೆ, ಅದರೊಳಗೆ ನಮ್ಮ ನಡುಮನೆಯಂಥದೇ ಒಂದು ದೊಡ್ಡ ಹಜಾರ. ಅದಕ್ಕೆ ಬೇಕಾದ ಬ್ಲಾಕುಗಳೆಲ್ಲ ಬೀರುವಿನ ಮೇಲೆ ಕೂತಿದ್ದವು. ಬಿಚ್ಚಲು ಸ್ಟೂಲು ಹತ್ತಿದ್ದೇ ತಡ, ಅಜ್ಜಿ ಬಾಗಿಲಲ್ಲಿ ಪ್ರತ್ಯಕ್ಷಳಾದಳು.

"ಏನ್ಮಾಡ್ತಿದೀಯ? ಪೂಜೆ ಆಗಿರೋದನ್ನ ಬಿಚ್ತಾರೇನೇ?"

"ದಿನಾ ಬಿಚ್ಚು ಬಿಚ್ಚು ಅಂತಿದ್ದಿದ್ದು ನೀನೇ ಅಲ್ವಾ?"

"ಅದು ಆಗ. ಈಗ ಮುಟ್ಬುಟ್ಟೀಯ, ಜೋಕೆ."

ಅಜ್ಜಿಗೆ ಅದು ಆಟವಾಗಿರಲಿಲ್ಲ. ಕುಂಕುಮ ಇಟ್ಟು ಹೂ ಏರಿಸಿದ ಮೇಲೆ ಅದು ಮನೆಯ ಗಾಡಿ, ಅದನ್ನು ಮುರಿಯುವುದು ಅಪಶಕುನ ಎಂದು ಅವಳು ನಿಜವಾಗಿ ನಂಬಿದ್ದಳು. ನನಗೆ ಕೋಪಕ್ಕಿಂತ ಹೆಚ್ಚಾಗಿ ಭಯವಾಯಿತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡದ್ದು ಇನ್ನೆಂದೂ ಬೇರೆಯದನ್ನು ಕಟ್ಟದಂತೆ ಮಾಡಿತಲ್ಲ ಎಂದು. ಬೀರುವಿನ ಮೇಲೆ ನೋಡಿದಾಗಲೆಲ್ಲ ನನಗೆ ಈಗ ಮಿಂಚುಳ್ಳಿ ಕಾಣುತ್ತಿರಲಿಲ್ಲ, ತಾಯಿನೌಕೆಗೆ ಬೇಕಾದ ನೀಲಿ ಬ್ಲಾಕುಗಳು ಕಾಣುತ್ತಿದ್ದವು. ಕಟ್ಟಿದ್ದು ಉಳಿಯಬೇಕೆಂದು ಹಟ ಹಿಡಿದಿದ್ದ ನನಗೆ, ನಿಜವಾಗಿ ಬೇಕಾದದ್ದು ಕಟ್ಟುತ್ತಲೇ ಇರುವುದು ಎಂಬುದು ಆಗ ತಿಳಿಯಿತು. ಅಪ್ಪನ ಸ್ಕೂಟರನ್ನು ಪೂಜೆಯಾದ ವಾರವೇ ಮೆಕ್ಯಾನಿಕ್ಕು ಬಿಚ್ಚಿದನಲ್ಲ ಎಂದು ವಾದಿಸಿದೆ. ಅದು ರಿಪೇರಿ, ಮತ್ತೆ ಅದೇ ಸ್ಕೂಟರೇ ಆಯಿತು ಎಂದಳು ಅಜ್ಜಿ. ಆ ರಾತ್ರಿ ಹುಳಿ ಬೇಡ ಎಂದು ಬರೀ ಮಜ್ಜಿಗೆ ಅನ್ನ ತಿಂದು ಎದ್ದೆ. ಅನ್ನದ ಮೇಲೆ ಕೋಪ ತೋರಿಸಬೇಡ ಎಂದು ಅಮ್ಮ ಬೈದಳು. ಕೊನೆಗೆ ಒಂದು ಮಧ್ಯಾಹ್ನ ಅಜ್ಜಿ ಅಕ್ಕಿ ಆರಿಸುತ್ತಿದ್ದಾಗ ಎದುರಿಗೆ ಹೋಗಿ ಕೂತೆ.

"ಅಜ್ಜಿ, ಗೌರಿಗೂ ಪೂಜೆ ಮಾಡ್ತೀಯ. ಆಮೇಲೆ ನೀನೇ ಬಾವಿಗೆ ಬಿಡ್ತೀಯ."

"ಅದು ಮಣ್ಣು ಕಣೇ. ಮಣ್ಣು ನೀರಿಗೆ ಹೋಗತ್ತೆ."

"ಇದೂ ಡಬ್ಬಕ್ಕೆ ಹೋಗತ್ತೆ. ಗೌರಿನ ಬಿಡದೇ ಇಟ್ಕೊಂಡ್ರೆ ಮುಂದಿನ ವರ್ಷ ಇನ್ನೊಬ್ಬಳು ಎಲ್ಲಿಂದ ಬರ್ತಾಳೆ?"

ಅಜ್ಜಿ ಮೊರವನ್ನು ಕುಟ್ಟಿ, ಅಕ್ಕಿಯನ್ನು ಡಬ್ಬಕ್ಕೆ ಸುರಿದು, ಸೆರಗು ಕೊಡವಿ ಎದ್ದುಹೋದಳು. ಸೋತೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿದ ಅಜ್ಜಿ ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು ನನ್ನನ್ನು ಕರೆದಳು. ಮಿಂಚುಳ್ಳಿಯನ್ನು ಒಂದೇ ಕೈಯಲ್ಲಿ ತಾನೇ ಎತ್ತಿ ತಂದು ನಡುಮನೆಯಲ್ಲಿ ಮಣೆಯ ಮೇಲೆ ಇಟ್ಟಿದ್ದಳು. ಅದರ ಮೇಲೆ ನಾಲ್ಕು ಕಾಳು ಅಕ್ಷತೆ ಹಾಕಿ, ಗೌರಿಯನ್ನು ನೀರಿಗೆ ಬಿಡುವ ಮುಂಚೆ ಮಾಡುವ ಹಾಗೆಯೇ ಎರಡೂ ಕೈಯಲ್ಲಿ ಹಿಡಿದು ಉತ್ತರದ ಕಡೆಗೆ ಒಂದಿಷ್ಟು ಕದಲಿಸಿದಳು. ನನ್ನಿಂದ ನಮಸ್ಕಾರ ಮಾಡಿಸಿದಳು. ಆಮೇಲೆ ಮೊದಲ ಬ್ಲಾಕನ್ನು ತಾನೇ ಬಿಚ್ಚಬೇಕೆಂದು ಕೂತು, ರೆಕ್ಕೆಯನ್ನು ಹಿಡಿದು ಎಳೆದಳು. ಬರಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಎಳೆದಳು. ಉಗುರು ಹಾಕಿ ಮೀಟಿದಳು. ನೌಕೆಯ ಅಡುಗೆಮನೆಯ ಕಡೆಯಿಂದ ತಿರುಚಿ ನೋಡಿದಳು. ಅವಳ ಹಣೆಯಲ್ಲಿ ಬೆವರು ಬಂತು. ನನಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಅಜ್ಜಿ ಮಿಂಚುಳ್ಳಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು, ನನ್ನನ್ನೂ ನೋಡಿದಳು, ಎರಡೂ ಕೈಯಲ್ಲಿ ಎತ್ತಿ ನನ್ನ ಮಡಿಲಲ್ಲಿ ಇಟ್ಟಳು.

"ನೀನೇ ಬಿಚ್ಕೊಳಮ್ಮ. ನನ್ನ ಕೈಲಾಗಲ್ಲ."